ಕಪ್ಪು ಬಾಗಿಲಿನ ಗೀರುಗಳು

ಚಟಾರ್!

ಶೆಡ್ಡಿನಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಹೊಡೆದವಳು ಅವಳು. ಹೊಡೆಸಿಕೊಂಡವನು ಕಪ್ಪು ಕಾರಿನ ಡ್ರೈವರ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ.

"ಇನ್ನೊಂದ್ಸಲ ಹೇಳಿ. ಈ ಗುರುತೆಲ್ಲ ಯಾರಿಂದ ಆಗಿದ್ದು?"

ಅವನ ಕೆನ್ನೆಯ ಮೇಲೆ ಅವಳ ಐದೂ ಬೆರಳು ಮೂಡಿದ್ದವು. ಜೊತೆಗೆ ಅವಳ ಕೈಗೆ ಮೆತ್ತಿದ್ದ ಪಾಲಿಶಿನ ಬಿಳಿ ಪೇಸ್ಟು ಬೇರೆ! ಅವನು ತಿರುಗಿ ಕೈ ಎತ್ತಲಿಲ್ಲ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

"ನನ್ನಿಂದಲೇ..." ಅಂದ.

ಥೂ! ಎಂಥ ಮನುಷ್ಯ ಇವನು! ಮುಚ್ಚಿಡಬೇಕು ಅನ್ನೋ ನಾಚಿಕೆನೂ ಇಲ್ವಲ್ಲ!

ಅವಳನ್ನು ಆ ಬೀದಿಯವರೆಲ್ಲ ಕಿಡಿ ಎಂದೇ ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕೆಲಸಕ್ಕೆ ಕೂತರೆ ಅದೇ ಕೈ ಬೆಣ್ಣೆಯಷ್ಟು ಮೃದು. ಕಾರಿನ ಬಣ್ಣದ ಮೇಲಿನ ಗೀರು ತೆಗೆಯುವುದು ಅವಳ ಕಸುಬು, ಕಲಿಸಿದವರು ಸೋದರಮಾವ. ಗಂಡನ ಮನೆಯಿಂದ ಒಂದು ಚೀಲ ಹಿಡಿದು, ಊದಿದ ತುಟಿಯಲ್ಲಿ ಅವಳು ಬಂದು ನಿಂತಾಗ ಮಾವ ಪಾಲಿಶ್ ಮೆಷಿನ್ ತಂದು ಕೈಗಿಟ್ಟರು. "ಸಿಟ್ಟು ಬಂದಾಗಲೆಲ್ಲ ಇದನ್ನ ಆನ್ ಮಾಡು," ಅಂದರು, ಅಷ್ಟೇ.

ಇವತ್ತು ಬೆಳಿಗ್ಗೆ ಬಂದದ್ದು ಈ ಕಪ್ಪು ಕಾರು. ಕಪ್ಪು ಬಣ್ಣ ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಎಲ್ಲವನ್ನೂ ಹೇಳಿಬಿಡುತ್ತದೆ. ಅವಳು ಕೈದೀಪ ಹಿಡಿದಳು. ಬಾನೆಟ್ಟಿನ ಮೇಲೆ ಸುರುಳಿ ಸುರುಳಿ ಗೀರು... ಕೊಳೆ ಬಟ್ಟೆಯಲ್ಲಿ ಒರೆಸಿದ್ದು, ಎಲ್ಲರ ಮನೆ ಕಥೆ. ಆದರೆ ಹಿಂದಿನ ಬಾಗಿಲಿಗೆ ದೀಪ ಬಂದಾಗ ಅವಳ ಕೈ ನಿಂತಿತು.

ಬಾಗಿಲಿನ ಮೇಲೆ ಅಡ್ಡಾದಿಡ್ಡಿ ಬರೆಗಳು. ಒಂದೊಂದು ಬರೆಯ ತುದಿಯಲ್ಲೂ ಚೌಕಾಕಾರದ ಕಚ್ಚು. ಬೆಲ್ಟಿನ ಬಕಲ್! ಅದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಬೆನ್ನಿನ ಮೇಲೂ ಅಂಥದ್ದೊಂದು ಇದೆ.

ಹಿಡಿಕೆಯ ಹಿಂದೆ, ಬೆರಳು ತೂರಿಸುವ ಗುಳಿಯಲ್ಲಿ ದೀಪ ಹಾಯಿಸಿದಳು. ದಿನಾ ಬಾಗಿಲು ತೆಗೆಯುವವರ ಉಗುರು ಅಲ್ಲಿ ತೆಳುವಾಗಿ ಗೀರುತ್ತದೆ, ಎಲ್ಲ ಕಾರಿನಲ್ಲೂ ಇರುವುದೇ. ಇಲ್ಲಿದ್ದದ್ದು ಅದಲ್ಲ. ಉಂಗುರ ಹಾಕಿದ್ದ ಕೈಯೊಂದು ಪ್ರಾಣಭಯದಲ್ಲಿ ಮತ್ತೆ ಮತ್ತೆ ಕೆರೆದ ಗುರುತು.

"ಕೆರೆದವರು ಹೆಂಗಸಾ?" ಎಂದು ಕೇಳಿದ್ದಳು.

"ಹೂಂ."

"ಯಾರಿಂದ ಆಗಿದ್ದು?"

"ನನ್ನಿಂದಲೇ."

ಆಮೇಲೆ ಆದದ್ದೇ ಚಟಾರ್!

"ಏನೇ ಇದು ರಂಪ!" ಮಾವ ಒಳಗಿನಿಂದ ಓಡಿ ಬಂದರು. "ಗಿರಾಕಿ ಮೇಲೆ ಕೈ ಮಾಡ್ತಾರೇನೇ?"

"ಇವನ ಗಾಡಿ ನಾನು ಮುಟ್ಟಲ್ಲ ಮಾವ!"

"ನಾಳೆ ಬೆಳಿಗ್ಗೆಗೆ ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ. ನೀನು ಮುಟ್ಟದಿದ್ರೆ ಈ ನಡುಗೋ ಕೈಯಲ್ಲಿ ನಾನೇ ಮಾಡ್ಬೇಕು."

ಮಾವನ ಕೈ ನಡುಗುವುದು ನಿಜ. ಅವಳು ಹಲ್ಲು ಕಡಿದು ಮೆಷಿನ್ ಎತ್ತಿಕೊಂಡಳು.

"ಹೋಗಿ ನೀವು. ಸಂಜೆ ಬನ್ನಿ."

"ಇಲ್ಲೇ ಇರ್ತೀನಿ. ದೀಪ ಹಿಡೀತೀನಿ," ಅಂದ ಅವನು.

"ನನ್ನ ಸುತ್ತಿಗೆಗೆ ಎಟಕೋ ದೂರದಲ್ಲಿ ನಿಲ್ಲಬೇಡಿ, ಹೇಳಿದೀನಿ!"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಒಂದೇ ಹೆಜ್ಜೆ.

ಮೆಷಿನ್ ಗುಂಯ್ಗುಟ್ಟಿತು. ಮೊದಲು ಆಳದ ಬರೆಗಳಿಗೆ ನೀರು ಹಚ್ಚಿ ನಯವಾದ ಉಜ್ಜುಕಾಗದ, ಆಮೇಲೆ ಒರಟು ಪೇಸ್ಟು, ಆಮೇಲೆ ನಯದ್ದು. ಗೀರನ್ನು ಯಾರೂ ಕಿತ್ತು ತೆಗೆಯಲಾರರು. ಸುತ್ತಲಿನ ಒಳ್ಳೆಯ ಬಣ್ಣವನ್ನೇ ಗೀರಿನ ಮಟ್ಟಕ್ಕೆ ಸವೆಸಬೇಕು. ಒಂದು ಚೂರು ಹೆಚ್ಚಾದರೆ ಬಣ್ಣ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಗೀರು ಉಳಿಯುತ್ತದೆ.

ಅವಳು ಕೇಳುವ ಮೊದಲೇ ಅವನು ದೀಪವನ್ನು ಬೇಕಾದ ಕೋನಕ್ಕೆ ತಿರುಗಿಸುತ್ತಿದ್ದ. ನಡುವೆ ಅವನಿಗೆ ಫೋನ್ ಬಂತು. "ಊಟ ಮಾಡಿದ್ಯಾ? ಬಾಗಿಲು ಹಾಕ್ಕೊಂಡಿರು. ನಾನು ಬರೋವರೆಗೂ ಯಾರಿಗೂ ತೆಗೀಬೇಡ..." ದನಿ ಎಷ್ಟು ಮೆತ್ತಗಿತ್ತು!

ಹೊಡೆಯೋದೂ ಇವನೇ, ಊಟ ಆಯ್ತಾ ಅನ್ನೋದೂ ಇವನೇ! ನನ್ನ ಗಂಡನೂ ಹೀಗೇ ಅಲ್ವಾ... ರಾತ್ರಿ ಬೆಲ್ಟು, ಬೆಳಿಗ್ಗೆ ಮುದ್ದು!

ಆದರೂ ಈ ಹಾಳು ಮನಸ್ಸು! ಆ ದನಿ ತನ್ನನ್ನು ಒಮ್ಮೆ 'ಊಟ ಆಯ್ತಾ' ಎಂದು ಕೇಳಿದ್ದರೆ ಹೇಗಿರುತ್ತಿತ್ತು ಎಂದು ಒಂದು ಗಳಿಗೆ ಯೋಚಿಸಿತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮೆಷಿನ್ನನ್ನು ಇನ್ನೂ ಜೋರು ಮಾಡಿದಳು.

ಮಧ್ಯಾಹ್ನ ಕಳೆದಿತ್ತು. ಶೆಡ್ಡಿನ ಬಾಗಿಲಿಗೆ ಧಡ್ ಎಂದು ಒದೆ ಬಿತ್ತು.

"ಎಲ್ಲೋ ಅವಳು? ನನ್ನ ಹೆಂಡ್ತಿನ ಎಲ್ಲಿ ಬಚ್ಚಿಟ್ಟಿದೀಯೋ?"

ಬಂದವನು ಎತ್ತರದ ಆಳು, ಕೈಯಲ್ಲಿ ಕಬ್ಬಿಣದ ಸಲಾಕೆ. ಕಾರು ಕಂಡದ್ದೇ ನುಗ್ಗಿದ. ಡ್ರೈವರ್ ಓಡಲಿಲ್ಲ. ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ಭಾವ, ಬೇಡ. ಹೋಗಿ ಇಲ್ಲಿಂದ."

"ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತೀಯಾ ನಿಮ್ಮಕ್ಕನ್ನ? ಹೇಗೆ ಹೋಗ್ತೀಯೋ ನೋಡ್ತೀನಿ!"

ಭಾವ? ಅಕ್ಕ? ಅವಳ ಕೈಯಲ್ಲಿದ್ದ ಮೆಷಿನ್ ತಾನಾಗಿ ನಿಂತಿತು. ಅಯ್ಯೋ... ಎಂಥ ಕೆಲಸ ಮಾಡಿಬಿಟ್ಟೆ!

ಭಾವ ಸಲಾಕೆ ಬೀಸಿದ. ಡ್ರೈವರ್ ಬಲಗೈ ಅಡ್ಡ ಇಟ್ಟ. ಎಲುಬು ಲಟಕ್ಕೆಂದದ್ದು ಅವಳಿಗೂ ಕೇಳಿಸಿತು. ಎರಡನೇ ಏಟು ಭುಜಕ್ಕೆ. ತುಟಿ ಕಚ್ಚಿದ, ಕುಸಿದ, ಮತ್ತೆ ಎದ್ದು ಅದೇ ಬಾಗಿಲಿಗೆ ಒರಗಿದ. ಎಡಗೈ ಮುಷ್ಟಿಯಾಗಿತ್ತು. ಆದರೂ ಎತ್ತಲಿಲ್ಲ.

"ಹೊಡೀರಿ ಅವನಿಗೆ! ಯಾಕೆ ಸುಮ್ನೆ ನಿಂತಿದೀರಿ?" ಅವಳು ಕಿರುಚಿದಳು.

"ನಾನು ಕೈ ಎತ್ತಿದ್ರೆ... ನಾಳೆ ಕೇಸು ನಮ್ಮ ಮೇಲೇ ತಿರುಗಿಸ್ತಾನೆ..."

"ನಿಮ್ಮ ಮೇಲೆ ತಾನೇ? ನನಗೇನು!"

ಕಾರು ತೊಳೆಯುವ ನೀರಿನ ಗನ್ನು ಗೋಡೆಗೆ ನೇತಾಡುತ್ತಿತ್ತು. ಕೆಸರು ಕಿತ್ತು ಬರುವಷ್ಟು ರಭಸ ಅದಕ್ಕೆ. ಅವಳು ಸ್ವಿಚ್ ಒತ್ತಿ ಗನ್ನು ಹಿಡಿದು ನೇರವಾಗಿ ಆ ಗಂಡಸಿನ ಎದೆಗೆ ಬಿಟ್ಟಳು! ಅವನು ತತ್ತರಿಸಿದ, ಪೇಸ್ಟು ಚೆಲ್ಲಿದ ನೆಲದ ಮೇಲೆ ಕಾಲು ಜಾರಿ ದೊಪ್ಪನೆ ಬಿದ್ದ. ಸಲಾಕೆ ಕೈ ತಪ್ಪಿತು. ಅವಳು ನಿಲ್ಲಿಸಲಿಲ್ಲ. ಅವನ ಕೂಗು ನೀರಿನಲ್ಲೇ ಮುಳುಗಿತು. ಎದುರಿಗಿನ ಟೈರ್ ಅಂಗಡಿಯವರು ಬಂದು ಅವನನ್ನು ಹೊರಗೆ ಎಳೆದು ಹಾಕಿದ ಮೇಲೂ ಅವಳು ಖಾಲಿ ನೆಲಕ್ಕೆ ನೀರು ಹೊಡೆಯುತ್ತಲೇ ಇದ್ದಳು.

"ಸಾಕು ಕಣೇ," ಮಾವ ಮೆಲ್ಲಗೆ ಗನ್ನು ಬಿಡಿಸಿಕೊಂಡರು. "ಹೋದ. ಇನ್ನು ಬರಲ್ಲ. ಪೊಲೀಸರಿಗೂ ಹೇಳಾಯ್ತು." ಆಮೇಲೆ ಡ್ರೈವರನ ಕೆನ್ನೆ ನೋಡಿ ಸೇರಿಸಿದರು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ."

ಎಮ್ಮೆ ನೋವಿನಲ್ಲೂ ನಕ್ಕಿತು.

ಮೂಲೆಯ ಕ್ಲಿನಿಕ್ಕಿನಲ್ಲಿ ಅವನ ಕೈಗೆ ಪ್ಲಾಸ್ಟರ್ ಹಾಕಿದರು. ಹೊರಗೆ ಬಂದ ಮೇಲೆ ಅವಳ ಕಟ್ಟೆ ಒಡೆಯಿತು.

"ಬಾಯಿರಲಿಲ್ವೇನ್ರೀ ನಿಮಗೆ? 'ನನ್ನಿಂದಲೇ' ಅಂದ್ರಲ್ಲ! ಅಕ್ಕ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ನಿಜಾನೇ ಹೇಳಿದ್ದು ನಾನು." ಅವನು ನೆಲ ನೋಡಿದ. "ಅಕ್ಕ ಫೋನ್ ಮಾಡಿ ಕರ್ಕೊಂಡು ಹೋಗು ಅಂದ್ಲು. ಗೇಟಿನ ಮುಂದೆ ಗಾಡಿ ನಿಲ್ಲಿಸ್ದೆ. ಓಡಿ ಬಂದ್ಲು, ಹಿಂದೆ ಅವನು ಬೆಲ್ಟ್ ಹಿಡ್ಕೊಂಡು... ಬಾಗಿಲು ಲಾಕ್ ಆಗಿತ್ತು. ಗಾಬರೀಲಿ ತೆಗೆಯೋ ಬಟನ್ ಬದಲು ಮತ್ತೆ ಲಾಕನ್ನೇ ಒತ್ತಿದೆ. ಅವಳು ಹೊರಗೆ ಹಿಡಿಕೆ ಕೆರೀತಾ ಇದ್ಲು... ನಾನು ಒಳಗೆ ಕೂತು ಬಟನ್ ಹುಡುಕ್ತಾ ಇದ್ದೆ! ಕೊನೆಗೆ ತೆಗೆಯೋ ಹೊತ್ತಿಗೆ ಅವಳ ಮುಖ..."

ಅವನು ಎಡಗೈಯಲ್ಲಿ ಮುಖ ಮುಚ್ಚಿಕೊಂಡ.

ಪೊಲೀಸರು ಬಾಗಿಲಿನ ಫೋಟೋ ಮೊದಲೇ ತೆಗೆದುಕೊಂಡಾಗಿತ್ತು. ನಾಳೆ ಅಕ್ಕ ಹೇಳಿಕೆ ಕೊಡದಿದ್ದರೆ ಕೇಸು ಬಿದ್ದುಹೋಗುತ್ತದೆ. ಬೇರೆಯವರ ಗಾಡಿ ಹತ್ತಲು ಅವಳಿಗೆ ಭಯ. ತಮ್ಮನ ಗಾಡಿಯ ಹತ್ತಿರ ಎರಡು ಸಲ ಬಂದು, ಆ ಗೀರು ಕಂಡು ನಡುಗಿ ಒಳಗೆ ಓಡಿದ್ದಳು.

"ಅದಕ್ಕೇ ಅದು ಹೋಗ್ಬೇಕು. ಹೋಗುತ್ತಾ?"

"ಹೋಗುತ್ತೆ." ಅವಳು ತಲೆ ತಗ್ಗಿಸಿದಳು. "ನನ್ನನ್ನ ಕ್ಷಮಿಸ್ತೀರಾ? ನನ್ನ ಕೈ ಮನಸ್ಸಿಗಿಂತ ಮುಂದೆ ಓಡುತ್ತೆ. ಹೊಡೆದವರನ್ನ ಕಂಡ್ರೆ ಆಗಲ್ಲ ನನಗೆ... ಆದ್ರೆ ಇವತ್ತು ಹೊಡೆದವಳು ನಾನೇ."

"ಊಟ ಮಾಡಿದ್ರಾ ನೀವು?" ಅಂದ ಅವನು.

ಕಿಡಿಗೆ ಕಣ್ಣಲ್ಲಿ ನೀರು! ಬೀದಿಯವರು ಕಂಡಿದ್ದರೆ ನಂಬುತ್ತಿರಲಿಲ್ಲ.

ಸಂಜೆಯವರೆಗೂ ಅವಳು ತಲೆ ಎತ್ತಲಿಲ್ಲ. ಬಾಗಿಲಿನ ಬರೆಗಳು ಒಂದೊಂದಾಗಿ ಅಳಿದವು. ಹಿಡಿಕೆಯ ಹಿಂದಿನ ಗುಳಿಗೆ ಮೆಷಿನ್ ಹೋಗುವುದಿಲ್ಲ. ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು, ಆ ಕೈ ಕೆರೆದ ಜಾಗದಲ್ಲೇ ತನ್ನ ಬೆರಳಿಟ್ಟು ಉಜ್ಜಿದಳು. ಬೆರಳ ತುದಿ ಕಿತ್ತುಬಂದರೂ ಬಿಡಲಿಲ್ಲ. ಕೊನೆಗೆ ದೀಪ ಹಿಡಿದರೆ ದೀಪ ಮಾತ್ರ ಕಂಡಿತು.

ಮರುದಿನ ಬೆಳಿಗ್ಗೆ ಗಾಡಿ ಓಡಿಸಿದವಳೂ ಅವಳೇ. ಪ್ಲಾಸ್ಟರ್ ಕೈಯವನು ಸ್ಟಿಯರಿಂಗ್ ಹಿಡಿಯುವುದುಂಟೇ?

ಮನೆಯ ಮುಂದೆ ಕಾರು ನಿಂತಿತು. ಅಕ್ಕ ಬಾಗಿಲು ಅರ್ಧ ತೆರೆದು ಇಣುಕಿದಳು. ಮುಖಕ್ಕೆ ಸೆರಗು. ತಮ್ಮ ಎಡಗೈ ಚಾಚಿ, "ನೋಡಕ್ಕಾ... ಒಂದೂ ಗೀರಿಲ್ಲ," ಅಂದ.

ಅವಳು ಹೆಜ್ಜೆ ಹೆಜ್ಜೆಗೂ ನಿಂತು ಬಂದಳು. ಬಾಗಿಲು ಮುಟ್ಟಲು ಕೈ ಎತ್ತಿದಾಗ ಸೆರಗು ಜಾರಿತು.

ಆಗ ಕಂಡಿತು.

ಹುಬ್ಬಿನಿಂದ ಕೆನ್ನೆಯವರೆಗೆ ಬಕಲ್ ಕೊಯ್ದ ಗಾಯ. ಮುರಿದ ಮುಂಬಲ್ಲು. ಅವಳು ಇದನ್ನು ನೋಡಿಕೊಳ್ಳದಿರಲೆಂದು ತಮ್ಮನೇ ಮನೆಯ ಕನ್ನಡಿಗಳನ್ನೆಲ್ಲ ಗೋಡೆಗೆ ತಿರುಗಿಸಿ ಇಟ್ಟಿದ್ದ. ಇಲ್ಲಿ ನೋಡಿದರೆ, ಕಿಡಿ ತನ್ನ ಕೈಯಾರೆ ಆಳೆತ್ತರದ ಕಪ್ಪು ಕನ್ನಡಿಯನ್ನೇ ತಂದು ನಿಲ್ಲಿಸಿದ್ದಳು!

ಅಯ್ಯೋ ದೇವರೇ! ಇದು ನನಗೆ ಹೊಳೀಲೇ ಇಲ್ವಲ್ಲ...

ಅಕ್ಕನ ಬಾಯಿಂದ ಹೊರಟದ್ದು ಅಳುವಲ್ಲ. ಮೆಟ್ಟಿಲ ಪಕ್ಕದ ಇಟ್ಟಿಗೆ ಅವಳ ಕೈಗೆ ಬಂದದ್ದು ಯಾರಿಗೂ ಕಾಣಲಿಲ್ಲ.

ಧಡ್!

"ಇದು ನಾನಲ್ಲ!"

ಧಡ್! ಬಾಗಿಲು ತಗ್ಗಾಯಿತು. "ಇದು ನನ್ನ ಮುಖ ಅಲ್ಲ! ಅವನು ಮಾಡಿದ್ದು! ಅವನು!" ಗಾಜು ಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

ತಮ್ಮ ಓಡಿದ. ಕಿಡಿ ಅವನ ಅಂಗಿ ಹಿಡಿದೆಳೆದಳು.

"ಬಿಡಿ. ಹೊಡೀಲಿ."

"ನಿಮ್ಮ ಕೆಲಸ ಎಲ್ಲಾ..."

"ಹಾಳಾಗಲಿ!" ಅವಳು ಅಕ್ಕನ ಹತ್ತಿರ ಹೋದಳು. "ಅಕ್ಕಾ, ಇಟ್ಟಿಗೆ ಕೈ ಕೊಯ್ಯುತ್ತೆ. ಡಿಕ್ಕಿಯಲ್ಲಿ ಸ್ಪ್ಯಾನರ್ ಇದೆ, ಕೊಡ್ಲಾ?"

ಅಕ್ಕ ತಿರುಗಿದಳು. ಏದುಸಿರು. ಕಣ್ಣಲ್ಲಿ ಬೆಂಕಿ, ಅಂಗೈಯಲ್ಲಿ ರಕ್ತ. ಈ ಹುಡುಗಿಯನ್ನು ಒಂದು ಕ್ಷಣ ದಿಟ್ಟಿಸಿದಳು. ಇಟ್ಟಿಗೆ ಕೆಳಗೆ ಬಿತ್ತು. ಜಾರಿದ ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮುಖಕ್ಕಲ್ಲ. ತಗ್ಗಾದ ಬಾಗಿಲು ಹಟ ಮಾಡಿತು. ಎರಡೂ ಕೈಯಲ್ಲಿ ಹಿಡಿದು ಕಿತ್ತಂತೆ ತೆಗೆದಳು. ಗಾಜಿನ ಚೂರು ಕೊಡವಿ ಒಳಗೆ ಕೂತಳು.

"ನಡೀರಿ. ಈ ಮುಖಾನ ಅಲ್ಲಿ ಎಲ್ಲರೂ ನೋಡ್ಲಿ."

ಕೋರ್ಟಿನ ಹೊರಗಿನ ಬೆಂಚಿನಲ್ಲಿ ಇಬ್ಬರೂ ಕಾದರು. ಒಳಗಿನಿಂದ ಅಕ್ಕನ ದನಿ ಒಮ್ಮೊಮ್ಮೆ ಕಾರಿಡಾರಿನವರೆಗೂ ಕೇಳುತ್ತಿತ್ತು. ಒಂದು ಸಲವೂ ತಡವರಿಸಲಿಲ್ಲ. ಹೊರಗೆ ಬಂದವಳು, "ಎಲ್ಲಾ ಹೇಳಿದೆ ಕಣೋ. ಅವನ ಮುಖ ನೋಡ್ಕೊಂಡೇ ಹೇಳಿದೆ," ಎಂದಳು. ಗಾಡಿ ಹತ್ತಿ ಸೀಟಿಗೆ ಒರಗಿದ್ದೇ ಕಣ್ಣು ಮುಚ್ಚಿದಳು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ ಪಾಪ!

ಕಾರು ನಿಧಾನವಾಗಿ ಸಾಗಿತು. ಒಡೆದ ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಅವನು ಪಿಸುದನಿಯಲ್ಲಿ ಶುರುಮಾಡಿದ.

"ಒಂದು ಮಾತು ಕೇಳ್ಲಾ?"

"ಮೆಲ್ಲಗೆ... ಅಕ್ಕ ಏಳ್ತಾರೆ."

"ನಿಮ್ಮನ್ನ ಇಷ್ಟಪಡ್ತೀನಿ ಅಂದ್ರೆ... ಕೋಪ ಬರುತ್ತಾ?"

ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು.

"ನನಗೆ ಭಯ ಬರುತ್ತೆ. ಒಂದ್ಸಲ ನಂಬಿ ಕೆಟ್ಟಿದೀನಿ. ನಿಮಗೂ ಸಿಟ್ಟು ಬರುತ್ತಲ್ವಾ? ಬಂದ್ರೆ ಏನು ಮಾಡ್ತೀರಿ?"

ಅವನು ನಿಜವಾಗಿಯೇ ಯೋಚಿಸಿದ. ಅದೇ ಅವಳಿಗೆ ಹಿಡಿಸಿತು.

"ಬರುತ್ತೆ. ನಿನ್ನೆ ಅವನನ್ನ ಕೊಲ್ಲಬೇಕು ಅನ್ನಿಸ್ತು. ಬಂದಾಗ ಹೊರಗೆ ಹೋಗಿ ನಡೀತೀನಿ, ಇಳಿದ ಮೇಲೆ ವಾಪಸ್ ಬರ್ತೀನಿ. ಬಾಗಿಲು ತೆಗೀತೀರಾ?"

"ಬೇಗ ಬರ್ತೀರಾ?"

"ನೀವು ಕಾಯ್ತೀರಾ ಅಂದ್ರೆ ಓಡಿ ಬರ್ತೀನಿ."

ಕಾರು ಎರಡು ತಿರುವು ದಾಟಿತು. ಆಗ ಹಿಂದಿನ ಸೀಟಿನಿಂದ, ಕಣ್ಣು ತೆರೆಯದೆಯೇ, ನಿದ್ದೆಗಣ್ಣಿನ ದನಿಯೊಂದು ಬಂತು.

"ಬೇಗ ಹೂಂ ಅನ್ನಮ್ಮಾ... ನಾನು ನಿದ್ದೆ ಮಾಡ್ಬೇಕು."

ಕಿಡಿಯ ಮುಖವೆಲ್ಲ ಕೆಂಪಾಯಿತು. ಗೇರ್ ಮೇಲಿದ್ದ ಅವಳ ಎಡಗೈಯ ಪಕ್ಕಕ್ಕೆ ಪ್ಲಾಸ್ಟರಿನಿಂದ ಇಣುಕಿದ್ದ ಅವನ ಬೆರಳುಗಳು ಬಂದು, ಮುಟ್ಟದೆ ಕಾಯುತ್ತಿದ್ದವು. ಅವಳೇ ಹಿಡಿದುಕೊಂಡಳು.

"ಹೂಂ," ಅಂದಳು.