ಗಾಜಿನ ಬುಡದ ಗುಲಾಬಿ ಎಸಳು

"ಗಾಡಿ ನಿಂದರಸ್ರಿ! ಮುಂದ ಏನೂ ಕಾಣವಲ್ದು ನಿಮ್ಗ!"

ಕಾರಿನ ಕಿಟಕಿಯ ಪಕ್ಕದಲ್ಲೇ ಬೈಕ್ ಓಡಿಸುತ್ತಾ ಯಾರೋ ಕೂಗುತ್ತಿದ್ದ. ಅಸ್ಮಾಳಿಗೆ ಮೈಯೆಲ್ಲಾ ಉರಿದುಹೋಯಿತು. ಕಾಣುತ್ತಿಲ್ಲ ಎನ್ನುವುದು ಅವಳಿಗೇ ಗೊತ್ತಿಲ್ಲವೇ?

ಲಕ್ಷ್ಮೇಶ್ವರ ಬಿಟ್ಟು ಯಳವತ್ತಿ ದಾಟುವಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಗಿತ್ತು. ಎದುರಿಗೆ ಬಂದ ಲಾರಿಯೊಂದು ಎರೆಮಣ್ಣಿನ ಕೆಸರನ್ನು ಗಾಜಿನ ತುಂಬ ಎರಚಿ ಹೋಗಿತ್ತು. ವಾಷರ್ ಒತ್ತಿದರೆ ಒಂದು ಹನಿ ನೀರು ಚಿಮ್ಮಲಿಲ್ಲ. ವೈಪರ್ ಅರ್ಧ ಎದ್ದು ಅಲ್ಲೇ ನಿಂತುಬಿಟ್ಟಿತು.

ಅವಳು ಕಾರನ್ನು ಬದಿಗೆ ಹಾಕಿದಳು. ಅವನು ಬೈಕ್ ನಿಲ್ಲಿಸಿ, ತನ್ನ ಬಾಟಲಿಯ ನೀರನ್ನು ಗಾಜಿಗೆ ಸುರಿದು, ಕೊರಳಲ್ಲಿದ್ದ ಟವೆಲ್‌ನಿಂದ ತಿಕ್ಕತೊಡಗಿದ.

"ನಿಮ್ಮನ್ನ ಯಾರು ಕರದಿದ್ರು?"

"ಯಾರೂ ಇಲ್ರಿ. ಆದ್ರ ಹಿಂಗ ಹೋದ್ರ ಸೀದಾ ದವಾಖಾನಿಗೇ ಹೋಗ್ತೀರಿ," ಎಂದು ನಕ್ಕ.

"ನಾವು ಹೊಂಟಿದ್ದ ದವಾಖಾನಿಗೆ!"

ಸಿಟ್ಟಿನಿಂದ ಹೇಳಬೇಕೆಂದಿದ್ದ ಮಾತು, ಬಾಯಿಗೆ ಬರುವಷ್ಟರಲ್ಲಿ ಅಳುವಾಗಿಬಿಟ್ಟಿತು.

ಅವನು ಬಗ್ಗಿ ಒಳಗೆ ನೋಡಿದ. ಮುಂದಿನ ಸೀಟಿನಲ್ಲಿ ಅಸ್ಮಾಳ ತಂದೆ ಮುರ್ತುಜಾ ಕಣ್ಣು ಮುಚ್ಚಿ ಒರಗಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಕೈ ಮಡಿಲಲ್ಲಿತ್ತು. ಅವನ ಮುಖದ ನಗು ಮಾಯವಾಯಿತು.

"ತಪ್ಪಾತ್ರಿ... ನನ್ನ ಹಿಂದ ಬರ್ರಿ. ಬೈಕಿನ ಕೆಂಪ ಲೈಟ್ ಒಂದ ನೋಡಕೋತ ಬರ್ರಿ, ಸಾಕು."

ಗಾಜು ಮಸುಕಾದಾಗೆಲ್ಲ ಅವನು ಇಳಿದು ಬಂದು ಒರೆಸಿದ. ಗದಗಿನ ಆಸ್ಪತ್ರೆಯ ಬಾಗಿಲಿನವರೆಗೂ ಹಾಗೆಯೇ ಕರೆದೊಯ್ದ. ತಾನು ನೆನೆದು ತೊಪ್ಪೆಯಾಗಿದ್ದ.

ಹೆಸರು ಶಾನವಾಜ. ಅಲ್ಲೇ ಪಕ್ಕದ ಬೆಟಗೇರಿಯಲ್ಲಿ ಕಾರುಗಳ ವೈರಿಂಗ್ ಕೆಲಸದ ಅಂಗಡಿ. ಅಬ್ಬಾನನ್ನು ಒಳಗೆ ಮಲಗಿಸಿದ ಮೇಲೆ ಅಸ್ಮಾ ಕಾರನ್ನು ಅವನ ಅಂಗಡಿಗೇ ತಂದಳು.

"ಊರಾಗ ವೈಪರಿಗೆ ಹೊಸ ಮೋಟರ್ ಹಾಕಿಸೇನ್ರಿ. ಆದ್ರೂ ಅದ ಹಾಡು," ಎಂದಳು.

ಶಾನವಾಜ ಮೋಟರಿಗೆ ನೇರ ಕರೆಂಟು ಕೊಟ್ಟ. ವೈಪರ್ ಸರಾಗವಾಗಿ ಓಡಿತು. ವಾಷರಿನ ಪಂಪಿಗೆ ಕೊಟ್ಟ. ನೀರು ಚಿಮ್ಮಿತು. ಆಮೇಲೆ ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಹಚ್ಚಿ ನೋಡಿದ.

"ಮೋಟರ್ ಪಾಪ ಏನೂ ತಪ್ಪ ಮಾಡಿಲ್ರಿ. ನೀವು ಸ್ವಿಚ್ ಒತ್ತಿದ್ದು ಗಾಡಿ ಒಳಗಿನ ಕಂಪ್ಯೂಟರಿಗೆ ಗೊತ್ತಾಗ್ತೈತಿ. ಆದ್ರ ಅದು ಹೇಳಿದ್ದು ವೈಪರಿಗೆ ಮುಟ್ಟವಲ್ದು. ನಡುವ ಒಂದ ಸಣ್ಣ ವೈರ್ ಐತಿ, ಅದರಾಗ ಎಲ್ಲೋ ಕೊಂಡಿ ತಪ್ಪೈತಿ. ವಾಷರಿಗೂ ಅದ ದಾರಿ. ಹುಡಕಾಕ ಒಂದೆರಡ ದಿನ ಬೇಕ್ರಿ."

"ಎರಡ ದಿನಾನ? ನಾಡಿದ್ದ ಮತ್ತ ಅಬ್ಬಾನ್ನ ಕರಕೊಂಡ ಬರಬೇಕ್ರಿ!"

ಅವನು ಜೇಬಿನಿಂದ ತನ್ನ ಕಾರಿನ ಕೀಲಿ ತೆಗೆದು ಮುಂದಿಟ್ಟ.

"ನನ್ನ ಗಾಡಿ ಒಯ್ರಿ. ಮಳ್ಯಾಗ ಗಾಜು ಕಾಣದಿದ್ರೂ ಅಷ್ಟ ದೂರ ಓಡಿಸಿದವ್ರು ನೀವು. ನಿಮ್ಮ ಕೈಯಾಗ ಕೊಡಾಕ ನಂಗೇನ ಅಂಜಿಕಿ?"

ಅಸ್ಮಾ ಕೀಲಿ ತೆಗೆದುಕೊಂಡಳು. 'ಹೆಣ್ಣಮಗಳು, ಒಬ್ಬಾಕಿ, ಇಷ್ಟು ದೂರ ಗಾಡಿ ಓಡಿಸ್ತಾಳ' ಎಂದು ಊರೆಲ್ಲ ಮೂಗು ಮುರಿಯುತ್ತಿತ್ತು. ಇವನೊಬ್ಬ ಕೀಲಿ ಕೊಟ್ಟ. ಅವತ್ತು ಲಕ್ಷ್ಮೇಶ್ವರ ಮುಟ್ಟುವವರೆಗೂ ಅವಳ ಎದೆಯಲ್ಲಿ ಏನೋ ಬೆಚ್ಚಗಿತ್ತು. ಅದಕ್ಕೆ ಹೆಸರಿಡಲು ಮಾತ್ರ ಅವಳಿಗೆ ಭಯ!

ಭಯಕ್ಕೆ ಕಾರಣವಿತ್ತು. ಬಂದ ಸಂಬಂಧಗಳನ್ನೆಲ್ಲ ಅವಳು ಬೇಡ ಎಂದಿದ್ದಳು. ತಾನು ಮದುವೆಯಾಗಿ ಹೋದರೆ ಅಬ್ಬಾನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರು ಯಾರು? ತಾಯಿಯಿಲ್ಲದ ಮನೆ. ಇರುವುದು ಅಬ್ಬಾ, ಅಬ್ಬಾನ ತಾಯಿ ಮೋತಿಬಿ, ಮತ್ತು ಈ ಕಾರು.

ಕಾರು ರಿಪೇರಿಯಾಗಿ ಬಂತು. ಆ ವೈರು ಕೂಡುವ ಕನೆಕ್ಟರಿಗೆ ನೀರು ಹೋಗಿ ಒಳಗೆ ಜಂಗು ಹಿಡಿದಿತ್ತು, ಬಿಡಿಸಿ ಹೊಸದು ಹಾಕಿದ್ದೇನೆ ಎಂದ ಶಾನವಾಜ. ಆಮೇಲೆ ಡಯಾಲಿಸಿಸ್ ದಿನಗಳಲ್ಲಿ ಅವನು ಆಸ್ಪತ್ರೆಗೆ ಚಹಾ ತರುವುದು ಶುರುವಾಯಿತು. ಅಬ್ಬಾ ಅವನ ಜೊತೆ ನಗುವುದೂ ಶುರುವಾಯಿತು. ಅಬ್ಬಾ ನಕ್ಕು ಎಷ್ಟು ಕಾಲವಾಗಿತ್ತು!

ಅಷ್ಟರಲ್ಲಿ ವೈಪರ್ ಮತ್ತೆ ನಿಂತಿತು.

"ಗಿರಾಕಿ ಮತ್ತ ಬರ್ಲಿ ಅಂತ ಅರ್ಧ ಕೆಲಸ ಮಾಡಿ ಕಳಸ್ತಾರವಾ ಈ ರಿಪೇರಿಯವ್ರು," ಎಂದಳು ಪಕ್ಕದ ಮನೆಯ ನೀಲಗಂಗವ್ವ. ಸುಮ್ಮನೆ ಆಡಿದ ಮಾತು. ಅಸ್ಮಾಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆ ಚಹಾ, ಆ ನಗು, ಆ ಕೀಲಿ... ಎಲ್ಲ ಇದಕ್ಕೇನಾ?

ಮರುದಿನ ಅಬ್ಬಾನನ್ನು ಕೂರಿಸಿಕೊಂಡೇ ಬೆಟಗೇರಿಗೆ ಹೋದಳು. ಶಾನವಾಜ ಬಾನೆಟ್ ಎತ್ತಿ, ಗಾಜಿನ ಬುಡದ ಜಾಲರಿ ಬಿಚ್ಚಿ, ಒಳಗೆ ಕೈ ಹಾಕಿದ. ಕೈಗೆ ಬಂದದ್ದನ್ನು ನೋಡಿ ಒಂದು ಗಳಿಗೆ ನಿಂತ. ಆಮೇಲೆ ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡ.

ಅಸ್ಮಾ ಅದನ್ನು ನೋಡಿದಳು.

"ಏನದು? ತೋರಸ್ರಿ."

"ಏನಿಲ್ರಿ... ಕಸ."

"ಒಳಗ ನೀರು ಹೆಂಗ ಹೋತು? ಹೇಳ್ರಿ!"

ಅವನು ಕಾರಿನಲ್ಲಿ ಕುಳಿತಿದ್ದ ಅಬ್ಬಾನ ಕಡೆ ನೋಡಿದ. "ಹೋಗಿರ್ತೈತ್ರಿ, ಮಳಿ ನೀರು," ಎಂದ. ಸುಳ್ಳು ಹೇಳಲು ಬಾರದವನ ಸುಳ್ಳು ಅದು. ಮುಖದಲ್ಲೇ ಬರೆದಂತಿತ್ತು.

"ಬೇಕಂತ ಕೆಡಸಾಕತ್ತೀರಿ ನೀವು! ನಮ್ಮ ಅಬ್ಬಾನ ಜೀವದ ಜೋಡಿ ಆಟ ಆಡಾಕತ್ತೀರಿ!"

ಶಾನವಾಜನ ಮುಖ ಬಿಳಿಚಿಕೊಂಡಿತು. ಕೆಲಸ ಮುಗಿಸಿ ಕೀಲಿ ಕೊಡುವಾಗ ಅವನು ಹೇಳಿದ್ದು ಇಷ್ಟೇ: "ಇನ್ನ ಕೆಡಂಗಿಲ್ರಿ. ಕೆಟ್ರ, ಬ್ಯಾರೇದವ್ರ ಕಡೆ ತೋರಸ್ರಿ."

ಆ ವಾರ ಆಸ್ಪತ್ರೆಗೆ ಚಹಾ ಬರಲಿಲ್ಲ. "ಹುಡುಗ ಯಾಕ ಬರ್ಲಿಲ್ಲ ಬೇಟಿ?" ಎಂದು ಅಬ್ಬಾ ಕೇಳಿದರೆ ಅಸ್ಮಾ ಕಿಟಕಿಯ ಆಚೆ ನೋಡಿದಳು. ಸಿಟ್ಟು ಗೆದ್ದಿತ್ತು, ನಿಜ. ಆದರೆ ಗೆದ್ದವಳಿಗೆ ಊಟ ಸೇರುತ್ತಿರಲಿಲ್ಲ.

ಶುಕ್ರವಾರ ಬೆಳಗಿನ ನಮಾಜಿನ ಹೊತ್ತಿಗೆ ಅವಳಿಗೆ ಬೇಗ ಎಚ್ಚರವಾಯಿತು. ಅಂಗಳದಲ್ಲಿ ನೀರಿನ ಸದ್ದು. ಹೊರಗೆ ಬಂದು ನೋಡಿದರೆ, ಬಾಗಿದ ಬೆನ್ನಿನ ಮೋತಿಬಿ ತಂಬಿಗೆ ಹಿಡಿದು ಕಾರಿನ ಗಾಲಿಗಳಿಗೆ ನೀರು ಹಾಕುತ್ತಿದ್ದಳು. ತುಟಿಗಳಲ್ಲಿ ದುವಾ. ನೀರಿನಲ್ಲಿ ಗುಲಾಬಿ ಎಸಳು.

"ದಾದಿ, ಏನಿದು?"

ಮುದುಕಿ ಬೆಚ್ಚಿಬಿದ್ದಳು. ಆಮೇಲೆ ನಾಚಿಕೆಯಿಂದ ನಕ್ಕಳು.

"ದರ್ಗಾದ ನೀರವಾ. ನನ್ನ ಮಗ ದವಾಖಾನಿಗೆ ಹೋಗೂ ದಿನ ಹಾಕ್ತೀನಿ, ಸುಖರೂಪ ಹೋಗಿ ಬರ್ಲಿ ಅಂತ. ಮೊದಲ ಮುಂದಿನ ಗಾಜಿನ ಮ್ಯಾಲ ಹಾಕ್ತಿದ್ದೆ. ಆ ಹುಡುಗ ಬಂದು ಹೇಳಿ ಹೋದ, ಗಾಲಿಗೆ ಹಾಕ್ರಿ ಅಂತ."

"ಯಾವ ಹುಡುಗ?"

"ಶಾನವಾಜ. ನೀ ಔಷಧಿ ಅಂಗಡಿ ಕೆಲಸಕ್ಕ ಹೋದಾಗ ಬಂದಿದ್ದ. ದಾದಿಮಾ, ಗಾಡಿ ಹೊತ್ತು ನಡಿಯೂದು ಗಾಲಿ, ದುವಾ ಅಲ್ಲಿಗೆ ಮುಟ್ಟಬೇಕು ಅಂದ. ಖರೆ ಅನ್ನಿಸ್ತು ನೋಡು!"

ಅಸ್ಮಾ ಗಾಜಿನ ಬುಡದ ಜಾಲರಿಯತ್ತ ತಿರುಗಿ ನೋಡಿದಳು.

ಎಸಳು! ಅವನು ಜೇಬಿಗೆ ಹಾಕಿಕೊಂಡದ್ದು ಇದನ್ನು. ಎಸಳು ಕಟ್ಟಿಕೊಂಡು ನೀರು ಹರಿದುಹೋಗುವ ತೂತು ಮುಚ್ಚಿತ್ತು. ನಿಂತ ನೀರು ಆ ಸಣ್ಣ ವೈರಿಗೆ ಇಳಿದಿತ್ತು. ಅಬ್ಬಾನ ಎದುರು ಅದನ್ನು ಹೇಳಿದ್ದರೆ ಮಾತು ಇವತ್ತಲ್ಲ ನಾಳೆ ದಾದಿಯ ಕಿವಿಗೆ ಬೀಳುತ್ತಿತ್ತು. ಮಗನ ದಾರಿಗೆ ತಾನೇ ಅಡ್ಡ ಬಂದೆ ಎಂದು ಕೊರಗಿ ಕೊರಗಿ ಈ ಜೀವ ಉಳಿಯುತ್ತಿತ್ತೇ?

'ಯಾ ಅಲ್ಲಾ... ಇಂಥವನಿಗೆ ನಾನು ಏನೆಲ್ಲಾ ಅಂದುಬಿಟ್ಟೆ!'

ಅಬ್ಬಾನನ್ನು ಆಸ್ಪತ್ರೆಗೆ ಸೇರಿಸಿದ್ದೇ ತಡ, ಕಾರು ಬೆಟಗೇರಿಯಲ್ಲಿತ್ತು. ಶಾನವಾಜ ತಲೆ ಎತ್ತಿದ. "ಮತ್ತ ಕೆಟ್ಟತೇನ್ರಿ?"

"ಇಲ್ಲ. ಚಲೋ ಐತಿ. ನಿಮ್ಮಿಂದ ಚಲೋ ಐತಿ." ಅವಳು ಒಂದು ಗುಲಾಬಿ ಎಸಳನ್ನು ಅವನ ಮುಂದಿಟ್ಟಳು. "ಯಾಕ ಹೇಳ್ಲಿಲ್ಲ ನೀವು? ನಾನು ಅಷ್ಟ ಅಂದೆ... ಸುಮ್ಮನ ಅನ್ನಿಸಿಕೊಂಡ್ರಿ!"

"ದಾದಿಮಾ ದರ್ಗಾದ ಹೂವಿನ ನೀರು ತರ್ತಾರಂತ ಅಬ್ಬಾ ಒಮ್ಮೆ ಅಂದಿದ್ರು, ಎಸಳು ನೋಡಿದ ಕೂಡ್ಲೆ ತಿಳೀತ್ರಿ. ಏನಂತ ಹೇಳ್ಲಿ? ತಾಯಿ ದುವಾದಿಂದ ಗಾಡಿ ಕೆಟ್ಟೈತಿ ಅಂತ ಮಗನ ಮುಂದ ಹೇಳಾಕ ನಂಗ ನಾಲಿಗಿ ಹೊಳ್ಳಲಿಲ್ರಿ."

"ಒಂದ ಸಲ ನಂಗರ ಹೇಳಬೇಕಿತ್ತು..."

"ನೀವು ಸಿಟ್ಟಿಗೆದ್ದಿದ್ದು ಅಬ್ಬಾನ ಸಲುವಾಗಿ. ಆ ಸಿಟ್ಟು ನೋಡಿ ನಂಗ..." ಅವನು ಟವೆಲ್‌ನಿಂದ ಕೈ ಒರೆಸುತ್ತಲೇ ಇದ್ದ. ಕೈ ಯಾವಾಗಲೋ ಸ್ವಚ್ಛವಾಗಿತ್ತು. "ನಂಗ ಕೋಪ ಬರಬೇಕಿತ್ತು. ಬರ್ಲಿಲ್ಲ. ಪ್ರೀತಿ ಬಂತು."

ಅಸ್ಮಾ ಅಳುತ್ತಾ ನಕ್ಕಳು. ಮೊದಮೊದಲು ಅವನು ಮಾಡಿದ್ದನ್ನೆಲ್ಲ ಅವಳು ಬರೀ ಉಪಕಾರ ಎಂದುಕೊಂಡಿದ್ದಳು. ಈಗ ಎದೆ ತುಂಬಿದ ಈ ಕೃತಜ್ಞತೆಗೆ ಅಷ್ಟು ಸಣ್ಣ ಮಾತು ಸಾಲುತ್ತಿರಲಿಲ್ಲ.

"ನಂಗೂ," ಎಂದಳು ಮೆಲ್ಲಗೆ. "ನೀವು ಕೀಲಿ ಕೊಟ್ಟ ದಿನಾನ."

"ಹಂಗಾದ್ರ ಮನಿಗೆ ಹಿರೇರನ್ನ ಕಳಸ್ಲಿ?"

ಅವಳ ನಗು ನಿಂತಿತು. ಹಳೆಯ ಭಯ ಮತ್ತೆ ಎದ್ದಿತ್ತು. "ನಾ ಅಬ್ಬಾನ್ನ ಬಿಟ್ಟ ಬರಾಕ ಆಗಂಗಿಲ್ರಿ. ಅವ್ರನ್ನ ಯಾರು ಕರಕೊಂಡ ಹೋಗ್ತಾರ?"

"ಬಿಟ್ಟ ಬರ್ರಿ ಅಂತ ಯಾರಂದ್ರು? ದವಾಖಾನಿ ಇಲ್ಲೇ ಹತ್ರ ಐತಿ. ಅಬ್ಬಾ, ದಾದಿಮಾ, ಇಬ್ರೂ ನಮ್ಮ ಮನ್ಯಾಗ ಇರ್ಲಿ. ಬ್ಯಾಡ ಅಂದ್ರ ನಾನ ಲಕ್ಷ್ಮೇಶ್ವರಕ್ಕ ಬರ್ತೀನಿ. ವೈರು ಎಲ್ಲಾ ಊರಾಗೂ ಕೆಡ್ತಾವು."

ಅಸ್ಮಾ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಆದ್ರ ಗಾಡಿ ಮಾತ್ರ ನಾನ ಓಡಸಾಕಿ."

"ಓಡಸ್ರಿ. ನಾ ಬಾಜು ಕುಂಡ್ರತೀನಿ."

"ಬಾಜು ಅಬ್ಬಾ ಕುಂಡ್ರತಾರ."

"ಆತು ಬಿಡ್ರಿ. ಹಿಂದ, ದಾದಿಮಾನ ಜೋಡಿ."

"ಜಲ್ದಿ ಬಾ ಹಂಗಾದ್ರ," ಎಂದಳು ಅವಳು. ಮೊದಲ ಸಲ 'ಬರ್ರಿ' ಎನ್ನಲಿಲ್ಲ. "ಅಬ್ಬಾ ನಿನ್ನ ದಾರಿ ಕಾಯಾಕತ್ತಾರ."