ಕೆಂಪು ಶಾಯಿಯ ಷರಾ

1991ರ ಸೆಪ್ಟೆಂಬರ್ 3, ಬೆಳಿಗ್ಗೆ ಹತ್ತೂವರೆ. ಬಸ್ ಮಾಲೀಕ ಅನಂತರಾಮಯ್ಯ ಚಿಂತಾಮಣಿ ಠಾಣೆಗೆ ದೂರು ತಂದರು. ಕೈವಾರಕ್ಕೆ ಓಡುವ ಅವರ ಬಸ್ಸಿಗೆ ಸೇರಿದ ಹೊಸ ಡ್ರೈವರ್ ಮುನಿಶಾಮಿ ಹಿಂದೆ ಕುಡಿದು ಲಾರಿ ಓಡಿಸಿ ದಂಡ ಕಟ್ಟಿದವನಂತೆ. ಅಂಥವರ ಲೈಸೆನ್ಸಿನಲ್ಲಿ ಕೋರ್ಟು ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತದೆ. ಇವನು ತೋರಿಸಿದ್ದರಲ್ಲಿ ಒಂದು ಗೆರೆಯೂ ಇಲ್ಲ.

"ಐವತ್ತು ಜನ ಕೂರೋ ಬಸ್ಸು ಸಾರ್. ನಂಗೆ ಮೋಸ ಆಗಿದೆ."

ಇನ್‌ಸ್ಪೆಕ್ಟರ್ ಷರೀಫ್ ವಿಚಾರಿಸಿದರು. ಲೈಸೆನ್ಸ್ ಡೂಪ್ಲಿಕೇಟ್. ಹಳೆಯದು ಜುಲೈ 10ರಂದು ಸಾದಲಿಯಲ್ಲಿ ಬಸ್ ಇಳಿಯುವಾಗ ಕಳೆಯಿತು, ಅದರಲ್ಲಿ ಷರಾ ಇರಲಿಲ್ಲ ಎಂದು ಮುನಿಶಾಮಿ ಆರ್‌ಟಿಓ ಕಚೇರಿಗೆ ಬರೆದುಕೊಟ್ಟಿದ್ದ. ಎಫ್‌ಐಆರ್ ಆಯಿತು.

ಹೆಡ್ ಕಾನ್‌ಸ್ಟೇಬಲ್ ಕೋನಪ್ಪ, ಮುನಿಶಾಮಿ ಆಗ ಲಾರಿ ಓಡಿಸುತ್ತಿದ್ದ ದಾರಿಯ ಗೌರಿಬಿದನೂರಿನ ಚೆಕ್‌ಪೋಸ್ಟಿಗೆ ಹೋದ. ಅಲ್ಲಿ ಪ್ರತಿ ಡ್ರೈವರನ ಲೈಸೆನ್ಸ್ ನೋಡಿ ಪುಸ್ತಕಕ್ಕೆ ಬರೆಯುತ್ತಾರೆ. ಕೋನಪ್ಪನೆಂದರೆ ಏನಂದುಕೊಂಡಿರಿ! ಧೂಳಿಗೆ ಸೀನುತ್ತಲೇ ಎರಡು ತಿಂಗಳ ಪುಸ್ತಕ ಜಾಲಾಡಿದ. ನಾಲ್ಕು ಗಂಟೆಗೆ ಫೋನು ಬಂತು.

"ಸಿಕ್ತು ಸಾರ್! ಜುಲೈ ಹದಿನಾಲ್ಕು, ಮುನಿಶಾಮಿ. ಲೈಸೆನ್ಸಲ್ಲಿ ಕುಡಿತದ ಷರಾ ಇದೆ ಅಂತ ಬರ್ದವ್ರೆ."

ಕಳೆದುಹೋದ ಲೈಸೆನ್ಸ್ ನಾಲ್ಕು ದಿನದ ಮೇಲೆ ಲಾರಿ ಹತ್ತಿದ್ದು ಹೇಗೆ? "ನೋಡ್ರಪ್ಪ, ನಮ್ಮ ಕೋನಪ್ಪ!" ಎಂದು ಷರೀಫ್ ಇಡೀ ಠಾಣೆಗೆ ಕೇಳುವಂತೆ ಹೇಳಿ ಎಲ್ಲರಿಗೂ ಟೀ ತರಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಷರೀಫ್, ಕೋನಪ್ಪ ಇಬ್ಬರು ಪಂಚರೊಂದಿಗೆ ಮುನಿಶಾಮಿಯ ಮನೆಗೆ ಹೋದರು.

"ಹಳೇ ಲೈಸೆನ್ಸ್ ಎಲ್ಲಿ?"

"ಕಳ್ದೋಯ್ತು ಸಾರ್."

"ಹದಿನಾಲ್ಕನೇ ತಾರೀಕು ಯಾವುದು ತೋರಿಸ್ದೆ?"

ಮುನಿಶಾಮಿ ತಲೆ ತಗ್ಗಿಸಿದ. "ಸುಟ್ಟಾಕು ಅಂತ ನಮ್ಮವಳ ಕೈಗೆ ಕೊಟ್ಟೆ ಸಾರ್."

ಹೆಂಡತಿ ಕದಿರಮ್ಮ ಒಳಗೆ ಹೋದಳು. ಮದುವೆ ಸೀರೆಯ ಮಡಿಕೆಯಿಂದ ಲೈಸೆನ್ಸ್ ತಂದು ಷರೀಫರ ಕೈಗಿಟ್ಟಳು. ಕೆಂಪು ಶಾಯಿ ಹಾಗೇ ಇತ್ತು: 12 ಜೂನ್ 1987.

"ಸುಟ್ಟೆ ಅಂದ್ಯಲ್ಲೇ!" ಎಂದು ಮುನಿಶಾಮಿ ಚೀರಿದ.

"ಯಾಕ್ ಸುಡ್ಲಿ? ಆ ತಾರೀಕಿಂದ ಈಚೆಗೆ ನೀನು ಒಂದು ಹನಿ ಮುಟ್ಟಿಲ್ಲ. ನಿಂಗೆ ಅದು ಅವಮಾನ ಕಣಯ್ಯ, ನಂಗಲ್ಲ. ಸುಳ್ಳು ಹೇಳಿ ಕೆಲ್ಸ ತಗೊಂಡ್ಯಲ್ಲ, ಅದು ನಂಗೆ ಅವಮಾನ."

ಮುನಿಶಾಮಿ ಗೋಡೆಗೆ ಒರಗಿ ಕೂತ. "ಕೆಲ್ಸಕ್ಕೆ ಆರು ಬಸ್ ಶೆಡ್ಡು ಅಲೆದೆ ಸಾರ್. ಎಲ್ಲಾ ಕಡೆ ಗುಮಾಸ್ತ ಅದನ್ನ ಜೋರಾಗಿ ಓದೋನು, ಡ್ರೈವರುಗಳೆಲ್ಲ ನಗೋರು. ಕೋರ್ಟಿಗೆ ಒಂದ್ಸಲ ದಂಡ ಕಟ್ದೆ. ಶೆಡ್ಡಲ್ಲಿ ದಿನಾ ಕಟ್ತಿದ್ದೆ."

ಷರೀಫ್ ಲೈಸೆನ್ಸನ್ನು ಪಂಚರಿಗೆ ತೋರಿಸಿದರು. ಆಮೇಲೆ ಕೋನಪ್ಪನಿಗೆ ಪಂಚನಾಮೆ ಬರೆಯಲು ಹೇಳಿದರು.

"ಆಯಮ್ಮ ಅಂದಿದ್ದೂ ಬರೀಬೇಕಾ ಸಾರ್?" ಎಂದ ಕೋನಪ್ಪ.

"ಒಂದಕ್ಷರ ಬಿಡಬೇಡ. ಜಡ್ಜ್ ಸಾಹೇಬರು ಓದಲಿ."

ಒಂಬತ್ತೂ ಇಪ್ಪತ್ತಕ್ಕೆ ಬಂಧನ. ಬೀದಿಯೆಲ್ಲ ಜೀಪಿನ ಸುತ್ತ ನೆರೆದಿತ್ತು. ಕದಿರಮ್ಮ ಮುಖಕ್ಕೆ ಸೆರಗು ಮುಚ್ಚಿಕೊಳ್ಳದೆ ಎಲ್ಲರ ಮುಂದೆ ಗಂಡನ ಹತ್ತಿರ ಬಂದಳು.

"ನೀನು ಕುಡಿಯೋದ್ ಬಿಟ್ಟು ನಾಲ್ಕು ವರ್ಷ, ಮೂರು ತಿಂಗಳಿಗೆ ಎಂಟು ದಿನ ಕಮ್ಮಿ. ಲಾಕಪ್ಪಲ್ಲೂ ಲೆಕ್ಕ ತಪ್ಪಿಸ್ಬೇಡ."

ಮುನಿಶಾಮಿ ತಲೆಯೆತ್ತಿ ಜೀಪು ಹತ್ತಿದ.