ಬೂದಿ ಕೊಡದ ಮನೆ

"ಮನೆ ನೋಡು, ಬಾವಿ ನೋಡು, ಬೇಕಾದ್ರೆ ಕೂತು ಅಳು. ಆ ಮರದ ಹಣ್ಣು ಮಾತ್ರ ಮುಟ್ಬೇಡ," ಎಂದ ಜಟ್ಟಿ, ಬೈಕು ನಿಲ್ಲಿಸುತ್ತ. "ಇಶಾಡ ಮಾವಿನ ಹಣ್ಣೇ ಬೇಕಿದ್ರೆ ಬಾಳೆಗುಳಿ ಕ್ರಾಸಲ್ಲಿ ಬುಟ್ಟಿ ಇಟ್ಕಂಡು ಕೂತಿರ್ತಾರೆ. ನಾನೇ ಕೊಡಸ್ತೆ."

ದೇವಿದಾಸ ನಕ್ಕ. "ನಿನ್ನ ಆಯಿ ಕಟ್ಟಿದ ಗಂಟಿಗೆ ನೀನಿನ್ನೂ ಹೆದರ್ತ್ಯಲ್ಲ ಮಾರಾಯಾ. ಮೀಸೆ ಹಣ್ಣಾಯ್ತು."

ಗೋವೆಯ ಮಡಗಾಂವಿಯಲ್ಲಿ ಫ್ರಿಜ್ ರಿಪೇರಿ ಮಾಡುವ ದೇವಿದಾಸನಿಗೆ ತಂತಿ, ಗ್ಯಾಸು, ಕಂಪ್ರೆಸರ್ ಬಿಟ್ಟು ಬೇರೆ ಯಾವುದರಲ್ಲೂ ನಂಬಿಕೆಯಿಲ್ಲ. ಊರಿನ ಮೇಲೆ ಮಾತ್ರ ವಿಪರೀತ ಪ್ರೀತಿ. ಊರು ಬಿಟ್ಟವರ ಪ್ರೀತಿಯೇ ಹಾಗೆ. ದೂರ ನಿಂತು ಹೊಗಳುವುದಕ್ಕೆ ಮೈಕೈ ನೋಯುವುದಿಲ್ಲ. ಎರಡು ಪೆಗ್ ಒಳಗೆ ಹೋದರೆ ಜಟ್ಟಿಗೆ ಫೋನು ಹಚ್ಚಿ, "ನೆನಪದ್ಯೇನೋ, ನಮ್ಮ ಬಾವಿಕಟ್ಟೆ?" ಎಂದು ಶುರುಮಾಡುತ್ತಿದ್ದ. ಜಟ್ಟಿ ನಿದ್ದೆಗಣ್ಣಲ್ಲೇ ಹೂಂಗುಟ್ಟುತ್ತಿದ್ದ. ಐವತ್ತು ದಾಟಿದ ಇಬ್ಬರಿಗೂ ಇನ್ನೊಬ್ಬ ಗೆಳೆಯ ಅಂತ ಇರಲಿಲ್ಲ.

ವರ್ಷಗಳ ಹಿಂದೆ ಸರ್ಕಾರ ನೌಕಾನೆಲೆಗೆಂದು ತೆಗೆದುಕೊಂಡ, ಚೆಂಡಿಯಾ ಕಡೆಯ ತಮ್ಮ ಕೇರಿಯನ್ನು ಎಲ್ಲರೂ ಬಿಟ್ಟು ಹೊರಡುವ ದಿನ, ಜಟ್ಟಿಯ ತಾಯಿ ಬೊಮ್ಮು ಮನೆಮನೆಯ ಒಲೆಯಿಂದ ಒಂದೊಂದು ಹಿಡಿ ಬೂದಿ ಕೇಳಿ ತಂದಿದ್ದಳು. ಅದನ್ನು ಕೇರಿಯ ನಡುವಿನ ಮಾವಿನ ಬುಡಕ್ಕೆ ಸುರಿದು, ಹಸಿ ತೆಂಗಿನ ಗರಿ ಸೀಳಿ, ಅರ್ಧ ಗರಿಯಿಂದ ಮರಕ್ಕೆ ಕಟ್ಟು ಹಾಕಿದ್ದಳು. ಉಳಿದರ್ಧ ಅವಳ ಜೊತೆ, ಸರ್ಕಾರ ಕಟ್ಟಿಕೊಟ್ಟ ಹೊಸ ಕಾಲನಿಗೆ ಹೋಯಿತು. ಬೂದಿ ಕೊಟ್ಟ ಮನೆಯವರು ಹಣ್ಣು ತಿನ್ನಬಹುದು. ಕೊಡದವರು ತಿಂದರೆ ಕೇರಿ ಅವರನ್ನು ಬಿಟ್ಟುಬಿಡುತ್ತದೆ. ಅವಳು ಹೇಳಿದ್ದು ಅಷ್ಟೇ. ಕೊಟ್ಟವರೂ ಹೆದರಿ ಆ ಮರದ ಕಡೆ ಹಾಯುತ್ತಿರಲಿಲ್ಲ.

ದೇವಿದಾಸ ಅದಾಗಲೇ ತನ್ನ ತಾಯಿಯನ್ನು ಗೋವೆಗೆ ಕರೆದೊಯ್ದಿದ್ದ. ಬಂದು ನಿನ್ನ ಮನೆಯ ಬೂದಿ ಕೊಟ್ಟುಹೋಗು ಎಂದು ಬೊಮ್ಮು ಫೋನು ಮಾಡಿಸಿದಾಗ, "ಬೂದಿ ಬೇಕಾದ್ರೆ ಸಿಗರೇಟಿಂದು ಕಳಿಸ್ತೆ," ಎಂದಿದ್ದ. ಫೋನಿನ ಅಂಗಡಿಯಲ್ಲಿ ನಿಂತಿದ್ದ ಕೇರಿಯವರಿಗೆಲ್ಲ ಅದು ಕೇಳಿಸಿತ್ತು.

ಜಟ್ಟಿ ದಾರಿಯಂಚಿನಲ್ಲೇ ಉಳಿದ. ದೇವಿದಾಸ ಒಬ್ಬನೇ ಒಳಗೆ ನಡೆದ.

ನೌಕಾನೆಲೆಯ ಗೋಡೆ ಆಚೆಯಿಂದಲೇ ತಿರುಗಿ ಹೋಗಿ, ಕೇರಿಯಿದ್ದ ಈ ನೆಲದ ಪಟ್ಟಿ ಹೊರಗೆ ಯಾರಿಗೂ ಬೇಡವಾಗಿ ಉಳಿದಿತ್ತು. ಮುಳ್ಳುಕಂಟಿಯ ನಡುವೆ ಮನೆಯ ಅಡಿಪಾಯದ ಕೆಂಪುಕಲ್ಲುಗಳು ಕಂಡವು. ಇಲ್ಲಿ ಜಗಲಿ. ಇಲ್ಲಿ ಒಲೆ. ಇಲ್ಲಿ ಕೂತು ತಾಯಿ ಬಂಗಡೆ ಸುಡುತ್ತ, "ದೇವೂ, ಜಟ್ಟೀನೂ ಕರಿಯೋ," ಎನ್ನುತ್ತಿದ್ದಳು. ಅವನ ಕಣ್ಣು ತುಂಬಿತು. ಸುಳ್ಳು ಹೇಳಬಾರದು, ಆ ಕಣ್ಣೀರು ನಿಜವಾದದ್ದೇ.

ಮಾವಿನ ಮರ ಮೊದಲಿಗಿಂತ ದೊಡ್ಡದಾಗಿತ್ತು. ಕಾಂಡವನ್ನು ಸುತ್ತಿದ್ದ ಗರಿಯ ಗಂಟು ಇಷ್ಟು ವರ್ಷವಾದರೂ ಹಸಿರಾಗಿಯೇ ಇತ್ತು. ಕೆಳಗೆ ಹಣ್ಣು ರಾಶಿಬಿದ್ದು ಕೊಳೆತ ಸಿಹಿವಾಸನೆ ಮೂಗಿಗೆ ಅಡರುತ್ತಿತ್ತು. ಆದರೆ ಒಂದು ನೊಣವಿಲ್ಲ. ಒಂದು ಇರುವೆಯಿಲ್ಲ. ಮೇ ತಿಂಗಳ ಮಧ್ಯಾಹ್ನ, ಒಂದು ಕಾಗೆಯೂ ಕೂಗಲಿಲ್ಲ.

ಚಿಕ್ಕಂದಿನಲ್ಲಿ ಒಮ್ಮೆ ಇದೇ ಮರದಡಿ ಜಟ್ಟಿಯನ್ನು ಮಲಗಿಸಿದ್ದರು. ಕಡಲು ಉಕ್ಕಿ ಬರುವ ಭರತಿಯ ಹೊತ್ತಿಗೆ ಹೊಳೆಗಿಳಿದು ಮುಳುಗಿದ ಹುಡುಗನನ್ನು ಕೂದಲು ಹಿಡಿದು ಎಳೆದು ತಂದವನು ದೇವಿದಾಸ. ಹೊಟ್ಟೆ ಒತ್ತಿ ಉಪ್ಪುನೀರು ಕಕ್ಕಿಸಿದ ಮೇಲೆ ಬೊಮ್ಮು ಇಬ್ಬರ ಕೈಗೂ ಒಂದೊಂದು ಹಣ್ಣು ಇಟ್ಟಿದ್ದಳು.

"ನನ್ನ ಮನೆ, ನನ್ನ ಮರ," ಎಂದುಕೊಂಡು ದೇವಿದಾಸ ಕೈಗೆಟುಕಿದ ಹಣ್ಣು ಕಿತ್ತು ಕಚ್ಚಿದ. ಅದೇ ರುಚಿ. ಗೊರಟೆಯನ್ನೂ ಬಿಡದೆ ಚೀಪಿದ. ಮೊಣಕೈವರೆಗೆ ರಸ ಸುರಿಯಿತು. ಬೆನ್ನ ಹಿಂದೆ ಯಾರೋ ಬಾಗಿಲು ಎಳೆದುಕೊಂಡ ಸದ್ದಾಯಿತು. ತಿರುಗಿ ನೋಡಿದ. ಅಲ್ಲಿ ಬಾಗಿಲೇ ಇರಲಿಲ್ಲ.

ಬೇಗ ಬೇಗ ದಾರಿಗೆ ಬಂದ. ಜಟ್ಟಿ ಬೈಕಿನ ಪಕ್ಕ ನಿಂತಿದ್ದ. ಮುಖದಲ್ಲಿ ನಗೆಯಿರಲಿಲ್ಲ.

"ಯಾರು ನೀನು?"

"ನಾಟಕ ಸಾಕು. ನಡಿ."

"ಯಾರು ಅಂತ ಕೇಳ್ದೆ. ಒಳಗೆ ಎಂತ ಕದೀತಿದ್ದೆ?" ಜಟ್ಟಿ ಬಗ್ಗಿ ಕಲ್ಲು ಎತ್ತಿಕೊಂಡ. ಆ ಕಣ್ಣುಗಳಲ್ಲಿ ಗುರುತಿನ ಸುಳಿವೇ ಇಲ್ಲ, ಬರೀ ಹಗೆ.

"ಜಟ್ಟೀ, ನಾನು. ದೇವೂ."

"ಹತ್ರ ಬಂದ್ರೆ ತಲೆ ಒಡೀತೆ."

ಕಲ್ಲು ಕೈಯಲ್ಲೇ ಉಳಿಯಿತು. ಜಟ್ಟಿ ಕೆಮ್ಮಿದ. ಮತ್ತೆ ಕೆಮ್ಮಿದ. ಬಾಯಿಂದ ನೀರು ಬಂತು. ಒಂದು ಗುಟುಕು, ಆಮೇಲೆ ಚೊಂಬಿನಷ್ಟು. ಒಣಗಿದ ಮಣ್ಣಿನ ಮೇಲೆ ನೀರು ಹರಡಿತು, ಅದರಲ್ಲಿ ಹೊಳೆಯ ಕೆಸರು, ಚಿಪ್ಪಿನ ಚೂರು. ಭರತಿಯ ನೀರಿನ ಉಪ್ಪುವಾಸನೆ. ಜಟ್ಟಿ ಗಂಟಲು ಹಿಡಿದುಕೊಂಡು ಕುಸಿದ.

ಆಸ್ಪತ್ರೆ, ಎಂದು ದೇವಿದಾಸನಿಗೆ ಮೊದಲು ಹೊಳೆಯಿತು. ಆಮೇಲೆ ಆ ಉಪ್ಪುವಾಸನೆ ಯಾವ ದಿನದ್ದೆಂದು ನೆನಪಾಯಿತು. ಕೇರಿ ತನ್ನನ್ನು ಬಿಟ್ಟಿದೆ. ಕೇರಿಯ ಲೆಕ್ಕದಲ್ಲಿ ತಾನು ಅಲ್ಲಿ ಹುಟ್ಟಲೇ ಇಲ್ಲ, ಆಡಲೇ ಇಲ್ಲ. ಹಾಗಾದರೆ ಆ ದಿನ ಜಟ್ಟಿಯನ್ನು ಹೊಳೆಯಿಂದ ಎಳೆದವರು ಯಾರು? ಯಾರೂ ಎಳೆಯಲಿಲ್ಲ. ಜಟ್ಟಿ ಇನ್ನೂ ಮುಳುಗುತ್ತಲೇ ಇದ್ದಾನೆ.

ಅವನನ್ನು ಬೈಕಿನ ಹಿಂದೆ ಕೂರಿಸಿ, ಟವೆಲಿನಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು, ಬೊಮ್ಮುವಿದ್ದ ಕಾಲನಿಗೆ ಓಡಿಸಿದ. ಜಟ್ಟಿ ಬಿಡಿಸಿಕೊಳ್ಳಲು ಒದ್ದಾಡಿದ, ಬೆನ್ನಿಗೆ ಗುದ್ದಿದ. ಆಮೇಲೆ ಗುದ್ದುವುದು ನಿಂತಿತು. ದೇವಿದಾಸನ ಅಂಗಿ ಕುತ್ತಿಗೆಯಿಂದ ಸೊಂಟದವರೆಗೆ ಒದ್ದೆಯಾಯಿತು.

ಬೊಮ್ಮು ಜಗಲಿಯಲ್ಲಿ ಕೂತಿದ್ದಳು. ಕಟ್ಟು ಕಟ್ಟಿದವಳಿಗೆ ಆ ಮರೆವು ತಟ್ಟಿರಲಿಲ್ಲ. ಅವನ ಮೊಣಕೈಯ ರಸ ನೋಡಿದಳು, ಮಗನನ್ನು ನೋಡಿದಳು.

"ತಿಂದ್ಯಾ?"

"ತಿಂದೆ ಆಯಿ. ಬಿಚ್ಚು. ಕಾಲಿಗೆ ಬೀಳ್ತೆ."

"ಕಳ್ಳರಿಗೆ ಅಂತ ಕಟ್ಟಿದ್ದು ನನ್ನ ಹೊಟ್ಟೆಗೇ ಬಡೀತು," ಎಂದು ಮುದುಕಿ ಒಳಗಿನಿಂದ ಅರ್ಧ ಗರಿ ತಂದಳು. ಅದೂ ಹಸಿರಾಗಿಯೇ ಇತ್ತು. "ಬಿಚ್ಚೂದು ನನ್ನಿಂದಾಗೂದಿಲ್ಲ. ಕೇರಿ ನಿನ್ನ ಬಿಟ್ಟದೆ. ಈಗ ನೀನು ಕೇರಿ ಬಿಡ್ಬೇಕು. ಇದನ್ನ ಹಿಡ್ಕಂಡು ಒಂದೊಂದೇ ಹೆಸರು ಹೇಳಿ ಬಿಟ್ಟೆ ಅನ್ಬೇಕು. ಬಿಟ್ಟದ್ದು ಸಾಯೂವರೆಗೆ ನಿನ್ನ ತಲೆಗೆ ಬರೂದಿಲ್ಲ. ಆಗ ಕೇರಿಯವ್ರ ತಲೆಗೆ ನೀ ಮತ್ತೆ ಬತ್ತೆ, ಇವ್ನೂ ಉಳೀತ."

ದೇವಿದಾಸ ಅಂಗಳದಾಚೆ ನೋಡಿದ. ಬೈಕಿತ್ತು, ದಾರಿಯಿತ್ತು, ಇಲ್ಲಿ ತನ್ನನ್ನು ಕೇಳುವವರು ಯಾರೂ ಇರಲಿಲ್ಲ. ಹೊರಟುಹೋದರೆ ಮನೆ, ಜಗಲಿ, ತಾಯಿಯ ದನಿ ಎಲ್ಲ ತಲೆಯೊಳಗೆ ಹಾಗೇ ಉಳಿಯುತ್ತವೆ. ಈ ಯೋಚನೆ ತನಗೆ ಬಂತಲ್ಲ ಎಂದು ಅವನಿಗೇ ಹೇಸಿಗೆಯಾಯಿತು. ಜಟ್ಟಿಯ ತುಟಿ ನೀಲಿಯಾಗಿತ್ತು.

ಗರಿ ಹಿಡಿದ. ಅದು ಬೆಚ್ಚಗಿತ್ತು.

"ಮಾವಿನ ಮರ ಬಿಟ್ಟೆ."

ಬಾಯಿಯ ಸಿಹಿ ಹೋಯಿತು.

"ಬಾವಿ ಬಿಟ್ಟೆ. ಜಗಲಿ ಬಿಟ್ಟೆ."

ಗರಿ ತುದಿಯಿಂದ ಒಣಗತೊಡಗಿತು. ಜಟ್ಟಿಯ ಎದೆ ಏರಲಿಲ್ಲ.

"ಒಲೆ..." ತಾಯಿಯ ದನಿ ಕೇಳಿಸಿತು. ದೇವೂ, ಜಟ್ಟೀನೂ ಕರಿಯೋ. "ಒಲೆ ಬಿಟ್ಟೆ."

ದನಿ ನಿಂತಿತು. ಯಾರ ದನಿ? ತಿಳಿಯಲಿಲ್ಲ. ಬಂಗಡೆಯ ವಾಸನೆ ಹೋಯಿತು. ಹೊಳೆ ಹೋಯಿತು. ಇನ್ನೊಂದು ಹೆಸರಿದೆ. ನೆಲದ ಮೇಲೆ ಮಲಗಿರುವವನ ಹೆಸರು. ಅದೂ ಜಾರುತ್ತಿದೆ. ಹೇಳಬೇಕು. ಈಗಲೇ ಹೇಳಬೇಕು.

"ಜಟ್ಟಿ," ಎಂದ. "ಜಟ್ಟಿ, ಬಿಟ್ಟೆ."

ಗರಿ ಪುಡಿಯಾಗಿ ಉದುರಿತು.

ಮಲಗಿದ್ದವನು ದೊಡ್ಡದಾಗಿ ಉಸಿರೆಳೆದ. ಎದ್ದು ಕೂತ. ಮರುಕ್ಷಣ ದೇವಿದಾಸನ ಎರಡೂ ಕೈ ಹಿಡಿದು ಮಕ್ಕಳ ಹಾಗೆ ಅಳತೊಡಗಿದ. "ದೇವೂ. ನಿಂಗೆ ಕಲ್ಲು ಎತ್ತಿದ್ನಲ್ಲೋ. ಹೊಳೆಯಿಂದ ಎಳ್ದವ್ನಿಗೆ."

ದೇವಿದಾಸ ಮೆಲ್ಲಗೆ ಕೈ ಬಿಡಿಸಿಕೊಂಡ. ಯಾಕೋ ಅಂಗಿ ಒದ್ದೆಯಾಗಿತ್ತು, ಉಪ್ಪುನೀರಿನ ವಾಸನೆ ಅಸಹ್ಯವಾಗಿತ್ತು. ಜಗಲಿಯ ಮುದುಕಿ ಅವನ ಮುಖ ನೋಡಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಈ ಜನ ಯಾರು, ತಾನು ಇಲ್ಲಿಗೆ ಯಾಕೆ ಬಂದೆ ಎಂದು ಅವನಿಗೆ ಅರ್ಥವಾಗಲಿಲ್ಲ.

"ಮಡಗಾಂವಿಗೆ ಬಸ್ಸು ಎಲ್ಲಿ ಸಿಗ್ತದೆ?" ಎಂದ.

ಒದ್ದೆ ಮನುಷ್ಯ ತಾಯಿಯ ಕಡೆ ನೋಡಿದ. ಅವಳು ಕರೆದುಕೊಂಡು ಹೋಗು ಎಂಬಂತೆ ತಲೆಯಾಡಿಸಿದಳು. ಅವನು ದೇವಿದಾಸನನ್ನು ಬೈಕಿನಲ್ಲಿ ಬಾಳೆಗುಳಿ ಕ್ರಾಸಿಗೆ ಕರೆತಂದ. ದಾರಿಯುದ್ದಕ್ಕೂ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಬಸ್ಸು ಬಂದಾಗ ಬುಟ್ಟಿ ಇಟ್ಟುಕೊಂಡು ಕೂತವಳಿಂದ ಚೆನ್ನಾದ ಇಶಾಡ ಹಣ್ಣೊಂದನ್ನು ಆರಿಸಿ ತಂದು, ದೇವಿದಾಸನ ಕೈಯಲ್ಲಿಟ್ಟು, ಅವನ ಮುಖವನ್ನೇ ನೋಡುತ್ತ ನಿಂತ.

ದೇವಿದಾಸ ಹಣ್ಣು ಮೂಸಿದ. ಒಳ್ಳೆಯ ಹಣ್ಣೇ. ಜೇಬಿನಿಂದ ಪಾಕೀಟು ತೆಗೆದ.

"ಎಷ್ಟು ಕೊಡ್ಬೇಕು?" ಎಂದು ಕೇಳಿದ.